ಹುಡುಗರಿಗೆ ಅರ್ಥವಾಗುವುದಿಲ್ಲವಂತೆ!

ಪದವಿ ತರಗತಿಗಳಿಗೆ ಕನ್ನಡ ಪಠ್ಯವನ್ನು ಗೊತ್ತುಪಡಿಸುವ ಕಾಲ ಬಂದಾಗಲೆಲ್ಲ ನಮ್ಮ ಅಧ್ಯಾಪಕ ವರ್ಗದಲ್ಲಿ ಒಂದು ಮಾತು ತಪ್ಪದೆ ಹುಟ್ಟಿಕೊಳ್ಳುತ್ತದೆ: “ಆ ಕಾದಂಬರಿ ಬೇಡ, ಹುಡುಗರಿಗೆ ಅರ್ಥವಾಗುವುದಿಲ್ಲ.” ‘ಆ ಕಾದಂಬರಿ’ ಎಂಬಲ್ಲಿ ಒಮ್ಮೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಇರುತ್ತದೆ, ಇನ್ನೊಮ್ಮೆ ದೇವನೂರ ಮಹಾದೇವರ ‘ಕುಸುಮಬಾಲೆ’, ಮತ್ತೊಮ್ಮೆ ಯಶವಂತ ಚಿತ್ತಾಲರ ‘ಶಿಕಾರಿ’. ಹೆಸರು ಬದಲಾಗುತ್ತದೆ, ತೀರ್ಪು ಬದಲಾಗುವುದಿಲ್ಲ. ಮಾತನ್ನು ಆಡುವವರು ಬಹಳ ಮರುಕದಿಂದಲೇ ಆಡುತ್ತಾರೆ, ಕೇಳುವವರೂ ತಲೆದೂಗುತ್ತಾರೆ. ಈ ಮರುಕದಲ್ಲಿ ಹುಡುಗರ ಮೇಲಿನ ಪ್ರೀತಿ ಎಷ್ಟು, ನಮ್ಮ ಮೈಗಳ್ಳತನ ಎಷ್ಟು ಎಂಬುದನ್ನು ಯಾರಾದರೂ ಒಮ್ಮೆ ತೂಗಿ ನೋಡಬೇಕಾಗಿದೆ.

ಇದಕ್ಕೆ ಎದುರಾದ ಇನ್ನೊಂದು ಪಂಗಡವೂ ಉಂಟು. ಅವರಿಗೆ ಹುಡುಗರ ಮೇಲೆ ಮರುಕವಿಲ್ಲ, ಸಿಟ್ಟಿದೆ. “ಈಗಿನವರಿಗೆ ಓದುವ ತಾಳ್ಮೆಯೆಲ್ಲಿದೆ? ಕೈಯಲ್ಲಿ ಫೋನು, ಕಿವಿಯಲ್ಲಿ ಹಾಡು. ಇಂಥವರ ಮುಂದೆ ಮಹಾಕೃತಿಗಳನ್ನು ಇಡುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ” ಎನ್ನುವುದು ಇವರ ವಾದ. ಮೇಲುನೋಟಕ್ಕೆ ಈ ಎರಡು ಪಂಗಡಗಳೂ ಜಗಳವಾಡುತ್ತಿರುವಂತೆ ಕಾಣುತ್ತದೆ. ಆದರೆ ಒಂದು ವಿಷಯದಲ್ಲಿ ಇಬ್ಬರಿಗೂ ಸಂಪೂರ್ಣ ಒಮ್ಮತ. ಪುಸ್ತಕವನ್ನು ಓದುವಾಗ ಆ ಹುಡುಗನಿಗೆ, ಆ ಹುಡುಗಿಗೆ ನಿಜವಾಗಿ ಏನಾಯಿತು ಎಂದು ಕೇಳುವ ಗೋಜಿಗೆ ಇಬ್ಬರೂ ಹೋಗಿಲ್ಲ.

ಕೇಳಿದರೆ ಏನು ತಿಳಿಯುತ್ತದೆ? ‘ಅರ್ಥವಾಗಲಿಲ್ಲ’ ಎಂಬುದು ಒಂದು ಮಾತಲ್ಲ, ಹತ್ತು ಮಾತುಗಳ ಗಂಟು ಎಂದು ತಿಳಿಯುತ್ತದೆ. ಒಬ್ಬನಿಗೆ ಭಾಷೆ ತೊಡಕಾಗಿರುತ್ತದೆ. ಇನ್ನೊಬ್ಬನಿಗೆ ಕಥೆ ಎಲ್ಲಿ ನಿಂತಿತೆಂದು ಗೊತ್ತಾಗಿರುವುದಿಲ್ಲ. ಮತ್ತೊಬ್ಬಳಿಗೆ ಎಲ್ಲವೂ ಚೆನ್ನಾಗಿ ಅರ್ಥವಾಗಿ, ಅದರಿಂದಲೇ ಸಿಟ್ಟು ಬಂದಿರುತ್ತದೆ. ತರಗತಿಯಲ್ಲಿ ಸಿಟ್ಟನ್ನು ಹೇಳುವ ವಾಡಿಕೆಯಿಲ್ಲವಾಗಿ ‘ಅರ್ಥವಾಗಲಿಲ್ಲ ಸಾರ್’ ಎಂದು ಕುಳಿತುಬಿಡುತ್ತಾಳೆ. ಈ ಗಂಟನ್ನು ಬಿಚ್ಚುವುದೇ ಸಾಹಿತ್ಯದ ಅಧ್ಯಾಪಕನ ಕೆಲಸ. ಬಿಚ್ಚಲಾರದವರು ಗಂಟನ್ನೇ ಎತ್ತಿ ಹೊರಗೆಸೆಯಿರಿ ಎನ್ನುತ್ತಿದ್ದಾರೆ.

ಉದಾಹರಣೆಯಿಂದಲೇ ನೋಡೋಣ. 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಮೇಲೆ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೊರಿಸುವ ಆರೋಪ ಯಾವುದು? “ಜನ ಜಾಸ್ತಿ ಸಾರ್. ಹೀರೋ ಯಾರು ಅಂತಲೇ ತಿಳಿಯುವುದಿಲ್ಲ. ಗುತ್ತಿಯ ಹಿಂದೆ ಹೋಗುತ್ತಿರುವಾಗ ಐತ-ಪೀಂಚಲು ಬರುತ್ತಾರೆ, ಅವರನ್ನು ಹಿಡಿಯುವಷ್ಟರಲ್ಲಿ ಮುಕುಂದಯ್ಯ-ಚಿನ್ನಮ್ಮ ಬರುತ್ತಾರೆ.” ನಮ್ಮ ಮರುಕದ ಮಹನೀಯರು ಇದನ್ನು ಕೇಳಿದೊಡನೆ ಪುಸ್ತಕವನ್ನು ಮುಚ್ಚುತ್ತಾರೆ. ಆದರೆ ಸ್ವಲ್ಪ ತಡೆದು ಯೋಚಿಸಿ: ಇದು ಆರೋಪವೋ, ಆ ಕಾದಂಬರಿಯ ಕುರಿತು ಆಡಬಹುದಾದ ಅತ್ಯಂತ ಸರಿಯಾದ ಮಾತೋ? ನಾಯಕನೊಬ್ಬನನ್ನು ನಡುವೆ ನಿಲ್ಲಿಸಿ ಉಳಿದವರನ್ನು ಅವನ ಸುತ್ತ ಸುತ್ತಿಸುವ ಪದ್ಧತಿಯನ್ನು ಬೇಡವೆಂದೇ ಅಲ್ಲವೆ ಕುವೆಂಪು ಅದನ್ನು ಬರೆದದ್ದು? ನಾಯಿಯೊಂದನ್ನು ಜೊತೆಗಿಟ್ಟುಕೊಂಡು ಕಾಡುದಾರಿಯಲ್ಲಿ ನಡೆಯುವ ಹೊಲೆಯರ ಗುತ್ತಿಯಿಂದ ಕಾದಂಬರಿ ಮೊದಲಾಗುತ್ತದೆ, ಗೌಡರ ಮನೆಯ ಜಗಲಿಯಿಂದ ಅಲ್ಲ. ‘ಹೀರೋ ಯಾರು?’ ಎಂದು ಕೇಳಿದ ಹುಡುಗ ತನಗರಿವಿಲ್ಲದೆಯೇ ಕೃತಿಯ ಹೃದಯದ ಮೇಲೆ ಬೆರಳಿಟ್ಟಿದ್ದಾನೆ. ಅಲ್ಲಿಂದ ಪಾಠ ಶುರುವಾಗಬೇಕು. ನಾವು ಅಲ್ಲಿಗೆ ಮುಗಿಸುತ್ತೇವೆ.

ಒಬ್ಬ ವಿದ್ಯಾರ್ಥಿ, ಇಡೀ ಕಾದಂಬರಿಯಲ್ಲಿ ತನ್ನ ನೆನಪಿನಲ್ಲಿ ಉಳಿದದ್ದು ಹುಲಿಯ ಎಂಬ ಆ ನಾಯಿ ಮಾತ್ರ, ಕೊನೆಯಲ್ಲಿ ತುಂಬಿದ ಹೊಳೆ ಅದನ್ನು ಕೊಚ್ಚಿಕೊಂಡು ಹೋದಾಗ ಪುಸ್ತಕವನ್ನು ಕೆಳಗಿಟ್ಟುಬಿಟ್ಟೆ ಎಂದು ಹೇಳಿದ. ಸುತ್ತಲಿನವರು ನಕ್ಕರು. ನಗುವುದಕ್ಕೆ ಏನಿತ್ತು? ಅಷ್ಟೊಂದು ಮದುವೆ, ಓಡಾಟ, ಹೊಡೆದಾಟ, ಮತಾಂತರದ ಗಲಾಟೆಗಳ ನಡುವೆ ಒಂದು ನಾಯಿಯ ಸಾವು ಓದುಗನ ಎದೆಯನ್ನು ಹಿಂಡಬಲ್ಲದಾದರೆ, ಯಾವ ಜೀವವೂ ಸಣ್ಣದಲ್ಲವೆಂಬ ಆ ಕೃತಿಯ ದರ್ಶನವನ್ನು ಆತ ವಿಮರ್ಶಕರ ನೆರವಿಲ್ಲದೆ ಮುಟ್ಟಿದ್ದಾನೆ ಎಂದಾಯಿತು. ಇನ್ನು, ಇಷ್ಟು ದೊಡ್ಡ ಪುಸ್ತಕ ಜನಕ್ಕೆ ಒಗ್ಗದು ಎನ್ನುವವರಿಗೆ ಮೈಸೂರಿನ ರಂಗಾಯಣವೇ ಉತ್ತರ ಕೊಟ್ಟಿದೆ. ಕೆ. ವೈ. ನಾರಾಯಣಸ್ವಾಮಿಯವರ ರಂಗರೂಪವನ್ನು ಸಿ. ಬಸವಲಿಂಗಯ್ಯನವರು 2010ರಲ್ಲಿ ಆಡಿಸಿದಾಗ, ಸಂಜೆ ಕುಳಿತ ಜನ ಬೆಳಗಿನವರೆಗೂ ಕದಲದೆ ನೋಡಿದರು. ಬೇಸರ ಪುಸ್ತಕದ ಗಾತ್ರದಲ್ಲಿಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಭಾಷೆಯ ತೊಡಕಿನ ಮಾತಿಗೆ ಬರೋಣ. 1984ರ ‘ಕುಸುಮಬಾಲೆ’ ಗಾತ್ರದಲ್ಲಿ ಚಿಕ್ಕದು. ಆದರೆ ಅದು ಬಂದಾಗ, ಇದನ್ನು ಯಾರಾದರೂ ಕನ್ನಡಕ್ಕೆ ಅನುವಾದಿಸಬೇಕು ಎಂಬ ಚಟಾಕಿ ಹಾರಿತ್ತು. ಚಟಾಕಿ ಹಾರಿಸಿದವರೂ, ಅದಕ್ಕೆ ನಕ್ಕವರೂ ವಿದ್ಯಾವಂತರು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಮೇಲೆ ನಗೆ ನಿಂತಿತು, ಅಂಜಿಕೆ ಉಳಿಯಿತು. ಈ ಅಂಜಿಕೆ ಯಾರದು? ನಂಜನಗೂಡು, ಚಾಮರಾಜನಗರದ ಕಡೆಯ ಹಳ್ಳಿಗಳಿಂದ ಬರುವ ಮಕ್ಕಳ ಕೈಗೆ ಆ ಪುಸ್ತಕವನ್ನು ಕೊಟ್ಟು ಗಟ್ಟಿಯಾಗಿ ಓದಿರೆಂದು ಹೇಳಿ ನೋಡಿ. ಕಣ್ಣಿಗೆ ಕಗ್ಗಂಟಾಗಿದ್ದುದು ನಾಲಗೆಯ ಮೇಲೆ ಸರಾಗವಾಗಿ ಹರಿಯುತ್ತದೆ. “ಇದು ನಮ್ಮಜ್ಜಿ ಮಾತಾಡುವ ಹಾಗೇ ಇದೆ” ಎಂದು ಅವರ ಮುಖ ಅರಳುತ್ತದೆ. ದೀಪದ ಜೋತಮ್ಮಗಳು ರಾತ್ರಿ ಒಂದೆಡೆ ಸೇರಿ ಊರ ಸುದ್ದಿ ಆಡಿಕೊಳ್ಳುವುದು, ಮಂಚ ಮಾತನಾಡುವುದು ಅವರಿಗೆ ವಿಚಿತ್ರವೇನಲ್ಲ. ಅಂಥ ಕಥೆಗಳನ್ನು ಕೇಳಿಯೇ ಅವರು ನಿದ್ದೆ ಹೋದವರು. ಚೆನ್ನನ ಕೊಲೆಯ ಸುತ್ತ ಊರು ಕಟ್ಟಿಕೊಳ್ಳುವ ಮೌನವನ್ನಂತೂ ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಅದೇ ತರಗತಿಯಲ್ಲಿ ಶಿಷ್ಟ ಕನ್ನಡವನ್ನೇ ಆಡಿ ಬೆಳೆದ ನಗರದ ವಿದ್ಯಾರ್ಥಿ ಮೊದಲ ಪುಟದಲ್ಲೇ ಎಡವುತ್ತಾನೆ. ಎಡವಲಿ. ಹಳ್ಳಿಯ ಹುಡುಗ ಒಂದನೆಯ ತರಗತಿಯಿಂದ ನಮ್ಮ ಪಠ್ಯಪುಸ್ತಕಗಳ ಗ್ರಂಥಸ್ಥ ಭಾಷೆಯಲ್ಲಿ ಎಡವುತ್ತಲೇ ಬಂದನಲ್ಲ. ಆಗ ಯಾರೂ ‘ಇದು ಹುಡುಗರಿಗೆ ಅರ್ಥವಾಗುವುದಿಲ್ಲ’ ಎಂದು ಪಠ್ಯವನ್ನು ಬದಲಿಸಲು ಹೊರಡಲಿಲ್ಲ. ಇಡೀ ಪದವಿಯಲ್ಲಿ ಒಂದೇ ಒಂದು ಪುಸ್ತಕ ಅವನನ್ನು ಮೇಷ್ಟರನ್ನಾಗಿಸಿ, ಮಿಕ್ಕವರನ್ನು ಶಿಷ್ಯರನ್ನಾಗಿಸುತ್ತದೆ. ಅದನ್ನೇ ತೆಗೆದುಹಾಕಿ ಎನ್ನುವಾಗ ‘ಹುಡುಗರು’ ಎಂಬ ಮಾತಿನಲ್ಲಿ ಯಾವ ಹುಡುಗರನ್ನು ಎಣಿಸಿಕೊಂಡಿದ್ದೇವೆ, ಯಾರನ್ನು ಬಿಟ್ಟಿದ್ದೇವೆ? ರಾವಬಹಾದ್ದೂರರ ‘ಗ್ರಾಮಾಯಣ’ದ (1957) ವಿಷಯದಲ್ಲೂ ಇದೇ ಮಾತು. ಉತ್ತರ ಕರ್ನಾಟಕದ ಆ ಆಡುನುಡಿ ಹಳೆಯ ಮೈಸೂರಿನವರಿಗೆ ತೊಡಕು; ವಿಜಾಪುರ, ಬಾಗಲಕೋಟೆಯ ವಿದ್ಯಾರ್ಥಿಗೆ ಅದು ಮನೆಯಂಗಳ. ಒಂದು ನಾಡು ಎಂದು ಹೇಳಿಕೊಳ್ಳುವವರು ಒಬ್ಬರ ಅಂಗಳದಲ್ಲಿ ಇನ್ನೊಬ್ಬರು ಸ್ವಲ್ಪ ಎಡವುವುದನ್ನಾದರೂ ಕಲಿಯಬೇಡವೆ?

ಇನ್ನು ಸಿಟ್ಟಿನ ವಿಷಯ. ಅನಂತಮೂರ್ತಿಯವರ ‘ಸಂಸ್ಕಾರ’ (1965) ಸಿಟ್ಟೆಬ್ಬಿಸಿದ್ದು ಹೊಸತಲ್ಲ. ಅದರ ಚಲನಚಿತ್ರ ಮೊದಲು ಸೆನ್ಸಾರಿನ ತಡೆಯನ್ನು ಎದುರಿಸಿ, 1970ರಲ್ಲಿ ಹೊರಬಂದು, ಆಮೇಲೆ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಅಂದಿನ ಸಿಟ್ಟು ಬ್ರಾಹ್ಮಣ್ಯದ ಚಿತ್ರಣವನ್ನು ಕುರಿತದ್ದು. ಇಂದಿನ ವಿದ್ಯಾರ್ಥಿನಿಯರ ಸಿಟ್ಟು ಬೇರೆ. ಅವರ ಪ್ರಶ್ನೆ ಇದು: ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡಬಹುದೆ, ಮಾಡುವವರಾರು ಎಂದು ಪ್ರಾಣೇಶಾಚಾರ್ಯರು ಗ್ರಂಥಗಳನ್ನು ತಿರುವಿಹಾಕುತ್ತಾರೆ, ಮಾರುತಿಯ ಗುಡಿಯಲ್ಲಿ ಕುಳಿತು ಪ್ರಸಾದಕ್ಕಾಗಿ ಕಾಯುತ್ತಾರೆ. ಇತ್ತ ಚಂದ್ರಿ ಒಂದು ರಾತ್ರಿ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ಹೆಣವನ್ನು ಸುಟ್ಟು, ತನ್ನ ದಾರಿ ಹಿಡಿದು ಹೋಗಿಬಿಡುತ್ತಾಳೆ. ಸಮಸ್ಯೆ ಅಲ್ಲಿಗೆ ಮುಗಿಯಿತು. ಆಚಾರ್ಯರಿಗೆ ಮಾತ್ರ ಅದು ಗೊತ್ತೇ ಇಲ್ಲ! ಹಾಗಿರುವಾಗ ಪರೀಕ್ಷೆಯಲ್ಲಿ ಆಚಾರ್ಯರ ‘ಆಂತರಿಕ ತುಮುಲ’ವನ್ನು ಕುರಿತು ನಾಲ್ಕು ಪುಟ ಬರೆಯಬೇಕು, ಚಂದ್ರಿಯ ಬಗ್ಗೆ ಟಿಪ್ಪಣಿ ಮಾತ್ರ, ಇದೇಕೆ ಸಾರ್?

ಈ ಪ್ರಶ್ನೆಗೆ ನಾನು ನೋಡಿದ ಯಾವ ಗೈಡಿನಲ್ಲೂ ಉತ್ತರವಿಲ್ಲ. ಪ್ರಶ್ನೆ ಕಾದಂಬರಿಗೆ ವಿರುದ್ಧವೂ ಅಲ್ಲ. ಶಾಸ್ತ್ರ ಬಲ್ಲವರ ಕೈಯಲ್ಲಿ ಕೊಳೆಯುತ್ತಿದ್ದ ಕೆಲಸವನ್ನು ಶಾಸ್ತ್ರದ ಹೊರಗಿನ ಇಬ್ಬರು ಸದ್ದಿಲ್ಲದೆ ಮುಗಿಸಿದರೆಂಬುದು ಅನಂತಮೂರ್ತಿಯವರೇ ಇಟ್ಟ ಕಿಡಿ. ಅದನ್ನು ಕಂಡವಳು ಸಿಟ್ಟಾದ ಓದುಗಳು. ‘ಹೊಸಗನ್ನಡದ ಶ್ರೇಷ್ಠ ಕೃತಿಗಳಲ್ಲಿ ಒಂದು’ ಎಂದು ಕಂಠಪಾಠ ಮಾಡಿದವನಿಗೆ ಅದು ಕಾಣಲಿಲ್ಲ. ಆದರೆ ಹತ್ತಕ್ಕೆ ಎಂಟು ಅಂಕ ಬರುವುದು ಯಾರಿಗೆ ಎಂಬುದನ್ನು ಉತ್ತರಪತ್ರಿಕೆ ತಿದ್ದುವ ಎಲ್ಲರೂ ಬಲ್ಲರು.

ನನ್ನ ಮುಖ್ಯ ತಕರಾರು ಇರುವುದು ಇಲ್ಲಿ. ಓದುವಾಗ ‘ಸಾಕಪ್ಪಾ ಸಾಕು’ ಎಂದುಕೊಂಡ ವಿದ್ಯಾರ್ಥಿ, ಪರೀಕ್ಷೆಯಲ್ಲಿ ‘ಓದುಗರ ಮನಸ್ಸನ್ನು ಸೂರೆಗೊಳ್ಳುತ್ತದೆ’ ಎಂದು ಬರೆಯುತ್ತಾನೆ. ನಾವು ಅದಕ್ಕೆ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕುತ್ತೇವೆ. ಅವನು ಬರೆದದ್ದು ಸುಳ್ಳೆಂದು ಅವನಿಗೆ ಗೊತ್ತು, ನಮಗೆ ಗೊತ್ತು. ಸಾಹಿತ್ಯದ ಹೆಸರಿನಲ್ಲಿ ಮೂರು ವರ್ಷ ಸುಳ್ಳು ಹೇಳುವುದನ್ನು ಕಲಿಸಿ, ಆಮೇಲೆ ಈ ಪೀಳಿಗೆಗೆ ಸಾಹಿತ್ಯದಲ್ಲಿ ಶ್ರದ್ಧೆಯಿಲ್ಲವೆಂದು ಗೋಳಾಡುವುದು ಯಾವ ನ್ಯಾಯ? ಮೊದಲು ಈ ಸುಳ್ಳಿಗೆ ಗೈಡು ಕೊಳ್ಳಬೇಕಾಗಿತ್ತು. ಈಗ ಫೋನಿನಲ್ಲಿ ಕೇಳಿದರೆ ಯಂತ್ರವೇ ಕ್ಷಣದಲ್ಲಿ ಪಾತ್ರಚಿತ್ರಣ ಬರೆದುಕೊಡುತ್ತದೆ. ಯಂತ್ರಕ್ಕೆ ಬರೆಯಲಾಗದ್ದು ಒಂದೇ: ಇಂಥ ಊರಿನ, ಇಂಥ ಮನೆಯ ಈ ಹುಡುಗಿ ಎಷ್ಟನೆಯ ಪುಟದಲ್ಲಿ ನಿಂತಳು, ಏಕೆ ನಿಂತಳು ಎಂಬುದು. ಆ ಒಂದನ್ನು ಮಾತ್ರ ನಾವು ಕೇಳುವುದಿಲ್ಲ.

ಆಕ್ಷೇಪಣೆಗಳಿವೆ, ಬಲ್ಲೆ. ಸೆಮಿಸ್ಟರಿನ ಕೆಲವೇ ವಾರಗಳಲ್ಲಿ ಏಳುನೂರು ಪುಟ ಮೀರಿದ ಕಾದಂಬರಿಯನ್ನು ಮುಗಿಸುವುದು ಹೇಗೆ? ತರಗತಿಯಲ್ಲಿ ನೂರು ಜನ; ಅರ್ಧದಷ್ಟು ಮಂದಿ ಸಂಜೆ ಕೆಲಸಕ್ಕೆ ಹೋಗುವವರು. ಇವು ನಿಜವಾದ ಕಷ್ಟಗಳು. ಆದರೆ ಕಷ್ಟ ವೇಳೆಯದಾದರೆ ವೇಳೆಯ ಮಾತನ್ನೇ ಆಡೋಣ, ಹುಡುಗರ ಬುದ್ಧಿಯ ಮಾತೇಕೆ? ದೊಡ್ಡ ಕಾದಂಬರಿಯ ಕೆಲವು ಅಧ್ಯಾಯಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, ಉಳಿದುದನ್ನು ಅವರ ಪಾಡಿಗೆ ಬಿಡಬಹುದು. ಐದು ಪುಸ್ತಕಗಳ ಕಡೆ ಎರಡನ್ನಿಡಬಹುದು. ಸಂಜೆ ಕೆಲಸಕ್ಕೆ ಹೋಗುವವರ ಮಾತೆತ್ತಿದಿರಲ್ಲ. ಕಾರಣ ತಿಳಿಸದೆ ಕೆಲಸದಿಂದ ದೂರವಿಡಲ್ಪಟ್ಟು ತಳಮಳಿಸುವ ‘ಶಿಕಾರಿ’ಯ (1979) ನಾಗಪ್ಪ ಅರ್ಥವಾದದ್ದು ಅಂಥವನೊಬ್ಬನಿಗೇ. ಮನೆಮನೆಗೆ ಊಟ ತಲುಪಿಸುವ ಕಂಪೆನಿಯೊಂದು ಒಂದು ಬೆಳಿಗ್ಗೆ ಅವನ ಫೋನಿನಲ್ಲಿ ಕೆಲಸವನ್ನೇ ನಿಲ್ಲಿಸಿಬಿಟ್ಟಿತ್ತು; ಯಾರನ್ನು ಕೇಳಬೇಕೆಂಬುದೂ ಅವನಿಗೆ ತಿಳಿದಿರಲಿಲ್ಲ. ಮುಂಬಯಿಯ ಆ ಅಧಿಕಾರಿಯ ದಿಗಿಲನ್ನು ಅವನು ವಿವರಿಸಿದ ರೀತಿಗೆ ತರಗತಿ ಸದ್ದಿಲ್ಲದೆ ಕುಳಿತಿತ್ತು.

ಹಾಗೆಂದು ಎಲ್ಲರೂ ಈ ಪುಸ್ತಕಗಳನ್ನು ಮೆಚ್ಚಲೇಬೇಕೆಂದು ನನ್ನ ವಾದವಲ್ಲ. ಓದಿ, ತೊಡಕನ್ನು ದಾಟಿ, ಆಮೇಲೂ ‘ನನಗಿದು ಹಿಡಿಸಲಿಲ್ಲ, ಇಂಥ ಕಾರಣಕ್ಕೆ’ ಎನ್ನುವ ಹಕ್ಕು ವಿದ್ಯಾರ್ಥಿಗಿದೆ. ಅದಕ್ಕೂ ಪೂರ್ಣ ಅಂಕ ಸಲ್ಲಬೇಕು. ವಿಮರ್ಶೆ ಎಂಬುದು ಅಲ್ಲಿಂದಲೇ ಹುಟ್ಟುವುದು. ‘ಇಂಥ ಕಾರಣಕ್ಕೆ’ ಎಂಬುದನ್ನು ಹುಡುಕಿಕೊಡುವವನೇ ಅಧ್ಯಾಪಕ. ನೂರು ಪುಟದ ಸರಳ ನೀತಿಕಥೆಯನ್ನು ಕೊಟ್ಟರೆ ಮೆಚ್ಚುವುದಕ್ಕೂ ಕಾರಣ ಬೇಡ, ಹಿಡಿಸದಿರುವುದಕ್ಕೂ ಕಾರಣ ಬೇಡ. ಅಲ್ಲಿ ಅಧ್ಯಾಪಕನೂ ಬೇಡ.

ಆದುದರಿಂದ ಪಠ್ಯವನ್ನು ಗೊತ್ತುಪಡಿಸುವ ಹಿರಿಯರಲ್ಲಿ ನನ್ನ ವಿನಂತಿ ಎರಡೇ. ಒಂದು: ಪುಸ್ತಕವನ್ನು ತೆಗೆಯುವ ಮುನ್ನ, ಅದನ್ನು ಓದಿದ ಹತ್ತು ವಿದ್ಯಾರ್ಥಿಗಳನ್ನು ಕರೆಸಿ ಕೇಳಿ, ಅವರಲ್ಲಿ ಐವರು ಹಳ್ಳಿಯವರಿರಲಿ, ಐವರು ಹೆಣ್ಣುಮಕ್ಕಳಿರಲಿ. ಎರಡು: ಪ್ರಶ್ನೆಪತ್ರಿಕೆಯ ಮೊದಲ ಪ್ರಶ್ನೆಯನ್ನು ಹೀಗೆ ಇಡಿ — ‘ಈ ಕಾದಂಬರಿಯಲ್ಲಿ ನಿಮ್ಮನ್ನು ತಡೆದು ನಿಲ್ಲಿಸಿದ ಜಾಗ ಯಾವುದು? ಏಕೆ?’ ಇದಕ್ಕೆ ಬರುವ ಉತ್ತರಗಳನ್ನು ತಿದ್ದುವುದು ಸುಲಭವಲ್ಲ. ಗೈಡಿನ ಸಾಲುಗಳಿಗೆ ಗುರುತು ಹಾಕಿದಂತೆ ಗಂಟೆಗೆ ಮೂವತ್ತು ಪತ್ರಿಕೆ ಮುಗಿಸಲಾಗದು. ಪ್ರತಿಯೊಂದನ್ನೂ ಓದಬೇಕಾಗುತ್ತದೆ, ಕೆಲವೊಮ್ಮೆ ಕಾದಂಬರಿಯನ್ನೇ ಮತ್ತೆ ತೆರೆಯಬೇಕಾಗುತ್ತದೆ. ಆ ಶ್ರಮಕ್ಕೆ ನಾವು ಸಿದ್ಧರಿಲ್ಲವೆಂದಾದರೆ ಹಾಗೆಂದೇ ಹೇಳೋಣ. ‘ಹುಡುಗರಿಗೆ ಅರ್ಥವಾಗುವುದಿಲ್ಲ’ ಎಂದು ಅವರ ತಲೆಗೆ ಕಟ್ಟುವುದನ್ನು ಮಾತ್ರ ಇನ್ನಾದರೂ ನಿಲ್ಲಿಸೋಣ.