ಹಳೆಯ ಪಿಕಪ್ಪಿಗೆ ಯಾವ ಗಾಲಿ?

ಹಳೆಯ ಮೋಟಾರು ವಾಹನವನ್ನು ಮತ್ತೆ ನಡೆಸಬೇಕೆಂಬ ಉತ್ಸಾಹಿಗಳು ಎಂಜಿನಿನ ವಿಷಯದಲ್ಲಿ ತೋರುವ ಶ್ರದ್ಧೆಯನ್ನು ಗಾಲಿಯ ವಿಷಯದಲ್ಲಿ ತೋರುವುದು ವಿರಳ. ಎಂಜಿನು ಕೆಟ್ಟರೆ ವಾಹನವು ನಿಂತೀತು. ಗಾಲಿಯು ಮುರಿದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಈ ವಿಷಯವನ್ನು ವಿದ್ಯಾರ್ಥಿಗಳ ಮುಂದಿಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ದಡ್ಡಿ, ಹುಕ್ಕೇರಿ, ಗೋಕಾಕಗಳ ಕಬ್ಬಿನ ಸೀಮೆಯಲ್ಲಿ ಹಳೆಯ ಮೋಟಾರಿನ ಗಾಲಿಯು ಕಸದ ಪಾಲಾಗದೆ ಎತ್ತಿನ ಟಾಯರು ಗಾಡಿಗೆ ಸಲ್ಲುವುದುಂಟು. ಈ ಮಿತವ್ಯಯವು ಮೆಚ್ಚತಕ್ಕದ್ದೇ. ಆದರೆ ಗಾಡಿಯಲ್ಲಿ ಸವೆದ ಗಾಲಿಯನ್ನು ಮರಳಿ ಪಿಕಪ್ಪಿಗೆ ತೊಡಿಸುವುದು ಬೇರೆಯೇ ಮಾತು. ಎತ್ತಿನ ಗಾಡಿಯ ವೇಗ ಗಂಟೆಗೆ 4 ಕಿಲೋಮೀಟರು, ಪಿಕಪ್ಪಿನದು 60 ಎನ್ನೋಣ. ವೇಗವು 15 ಪಟ್ಟಾದರೆ, ತೂಕ ಅಷ್ಟೇ ಇದ್ದರೂ ಚಲನಶಕ್ತಿಯು 225 ಪಟ್ಟಾಗುತ್ತದೆ. ಗಾಡಿಯಲ್ಲಿ ತೊಂದರೆ ಕೊಡದ ಬಿರುಕು ಹೆದ್ದಾರಿಯ ಗುಂಡಿಯಲ್ಲಿ ಬಾಯಿ ಬಿಡಬಹುದು.

ಹಾಗಾದರೆ ಯೋಗ್ಯವಾದ ಗಾಲಿಯನ್ನು ಅರಿಯುವುದು ಹೇಗೆ? ಕಣ್ಣಂದಾಜಿನಿಂದಲ್ಲ, ಅಳತೆಯಿಂದ. ವಿಲ್ಲಿಸ್ ಜೀಪು ಹಾಗೂ ಅದರ ಮಾದರಿಯ ಮಹೀಂದ್ರ ವಾಹನಗಳ ಗಾಲಿಗೆ 5 ಬೋಲ್ಟುಗಳು. ಅವುಗಳ ಕೇಂದ್ರಗಳನ್ನು ಕೂಡಿಸುವ ವೃತ್ತದ ವ್ಯಾಸ 139.7 ಮಿಲಿಮೀಟರು, ಅಂದರೆ ಐದೂವರೆ ಅಂಗುಲ. ಐದು ರಂಧ್ರಗಳಿರುವಲ್ಲಿ ಒಂದಕ್ಕೆ ನೇರ ಎದುರಾಗಿ ಇನ್ನೊಂದಿಲ್ಲವಾದ್ದರಿಂದ ವ್ಯಾಸವನ್ನು ನೇರವಾಗಿ ಅಳೆಯಲು ಬಾರದು. ಆಗ ತ್ರಿಕೋನಮಿತಿಯೇ ಗತಿ. ನೆರೆಯ ಎರಡು ರಂಧ್ರಗಳ ಕೇಂದ್ರಗಳ ಅಂತರವನ್ನು 36 ಡಿಗ್ರಿಯ ಸೈನಿನಿಂದ, ಎಂದರೆ 0.588ರಿಂದ, ಭಾಗಿಸಿದರೆ ವ್ಯಾಸವು ದೊರೆಯುತ್ತದೆ. ಜೀಪಿನಲ್ಲಿ ಆ ಅಂತರವು ಸುಮಾರು 82.1 ಮಿಲಿಮೀಟರು.

ವ್ಯಾಸವು ಹೊಂದಿದ ಮಾತ್ರಕ್ಕೆ ಕೆಲಸವು ಮುಗಿಯಲಿಲ್ಲ. 1950ರ ದಶಕದ ಫೋರ್ಡ್ ಎಫ್-100 ಪಿಕಪ್ಪಿಗೂ ಷೆವ್ರೊಲೆ 3100 ಪಿಕಪ್ಪಿಗೂ ವೃತ್ತವು ಐದೂವರೆ ಅಂಗುಲವೇ. ಆದರೆ ಮೊದಲನೆಯದಕ್ಕೆ 5 ಬೋಲ್ಟು, ಎರಡನೆಯದಕ್ಕೆ 6. ಅಲ್ಲದೆ ನಡುವಿನ ರಂಧ್ರವು ಹಬ್ಬಿನ ಮೇಲೆ ಸರಿಯಾಗಿ ಕೂಡಬೇಕು. ನಟ್ಟಿನ ಇಳಿಜಾರು ಗಾಲಿಯ ಇಳಿಜಾರಿಗೆ ಒಪ್ಪಬೇಕು. ರಿಮ್ಮು ಹೊರಕ್ಕೆ ಹೆಚ್ಚು ಚಾಚಿದರೆ ಬೇರಿಂಗಿನ ಮೇಲಿನ ಹೊರೆಯು ಏರುತ್ತದೆ. ಹಳೆಯ ವಿಲ್ಲಿಸ್ ಜೀಪಿನ ಎಡಬದಿಯ ನಟ್ಟುಗಳು ಎಡಕ್ಕೆ ತಿರುಗಿಸಿದರೆ ಬಿಗಿಯುವಂಥವು. ಇದನ್ನರಿಯದೆ ಬಲವನ್ನು ಪ್ರಯೋಗಿಸಿದರೆ ಬೋಲ್ಟೇ ಮುರಿದೀತು.

ಹೊಂದದ ಗಾಲಿಗೆ ಹೊಸ ರಂಧ್ರ ಕೊರೆಯುವುದನ್ನೂ ಬಿರುಕಿಗೆ ಬೆಸುಗೆ ಹಾಕುವುದನ್ನೂ ನಾವು ಖಂಡಿತವಾಗಿ ವಿರೋಧಿಸುತ್ತೇವೆ. ರಂಧ್ರಗಳ ನಡುವಿನ ಲೋಹವೇ ಭಾರವನ್ನು ಹೊರುವ ಸೇತುವೆ. ಅದನ್ನು ಕಿರಿದು ಮಾಡಿದರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಬೆಸುಗೆಯ ಕಾವಿಗೆ ಸುತ್ತಲಿನ ಉಕ್ಕಿನ ಗುಣವು ಬದಲಾಗುತ್ತದೆ.

ವಾಹನದ ಮೂಲ ಗಾಲಿಯೇ ಇರಬೇಕು, ಇಲ್ಲವಾದರೆ ಅದರ ಐತಿಹಾಸಿಕ ಬೆಲೆ ಕುಂದುವುದೆಂದು ಕೆಲವರು ವಾದಿಸುವರು. ಮೂಲ ಗಾಲಿಯನ್ನು ಪ್ರದರ್ಶನಕ್ಕಾಗಿ ಜೋಪಾನವಾಗಿಡಲಿ. ರಸ್ತೆಗಿಳಿಯುವಾಗ ಅದೇ ಅಳತೆಯ, ಹೊರೆಗೆ ತಕ್ಕ ಹೊಸ ಉಕ್ಕಿನ ಗಾಲಿಯಿರಲಿ. ಹಳೆಯದನ್ನೇ ಬಳಸುವುದು ಅನಿವಾರ್ಯವಾದರೆ ಬಣ್ಣದ ದ್ರವದ ಪರೀಕ್ಷೆಯಾದರೂ ಆಗಲಿ: ಬಿರುಕಿನೊಳಗೆ ಇಳಿದ ಬಣ್ಣವು, ಮೇಲ್ಮೈಯನ್ನು ಒರೆಸಿ ಬಿಳಿಯ ಪುಡಿ ಹಚ್ಚಿದಾಗ, ಗೆರೆಯಾಗಿ ಹೊರಗೆ ಬರುತ್ತದೆ. ಎರಕ ಮತ್ತು ಯಂತ್ರಕೆಲಸಕ್ಕೆ ಹೆಸರಾದ ಬೆಳಗಾವಿಯು ಈ ಸೀಮೆಗೆ ದೂರವೇನಲ್ಲ. ವರ್ನಿಯರ್ ಕ್ಯಾಲಿಪರಂತೂ ಶಾಲೆಯ ಪ್ರಯೋಗಾಲಯದಲ್ಲಿಯೇ ಇದೆ. ಗಾಲಿಯನ್ನು ಕೊಳ್ಳುವ ಮುನ್ನ ಅದನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಯು ತನ್ನ ಮನೆಯವರಿಗೆ ನಿಜವಾದ ಉಪಕಾರವನ್ನೇ ಮಾಡಿದಂತಾಗುವುದು.