ಲಿನಕ್ಸ್‌ನಲ್ಲಿ ಕನ್ನಡ ಕೀಲಿಮಣೆ ಪದೇ ಪದೇ ಮಾಯವಾಗುವುದೇಕೆ?

ಸಂದರ್ಶನಗಳ ಧ್ವನಿಮುದ್ರಣ ಕೇಳುತ್ತಾ ಅದನ್ನು ಕನ್ನಡದಲ್ಲಿ ಟೈಪ್ ಮಾಡುವುದು ನನ್ನ ಸಂಶೋಧನೆಯ ದೊಡ್ಡ ಪಾಲು. ಅದಕ್ಕೆಂದು ನನಗೆ ಸಿಕ್ಕಿದ್ದು ಲಿನಕ್ಸ್ ಹಾಕಿದ್ದ ಒಂದು ಹಳೆಯ ಲ್ಯಾಪ್‌ಟಾಪ್. ಮೊದಲ ದಿನ ಅರ್ಧ ಗಂಟೆ ಹೆಣಗಾಡಿ ಕನ್ನಡ ಬರುವಂತೆ ಮಾಡಿದೆ. ಮರುದಿನ ಬೆಳಿಗ್ಗೆ ನೋಡಿದರೆ ಬರೀ ಇಂಗ್ಲಿಷ್. ಮತ್ತೆ ಸರಿ ಮಾಡಿದೆ. ಅದರ ಮರುದಿನವೂ ಅದೇ ಕಥೆ. ಒಂದು ದಿನವಂತೂ ಊಟ ಮುಗಿಸಿ ಬರುವಷ್ಟರಲ್ಲಿ ಕನ್ನಡ ಮಾಯವಾಗಿತ್ತು!

ಅಕ್ಕಪಕ್ಕದವರು ಆಗಲೇ ಕಾರಣಗಳನ್ನು ಪಟ್ಟಿ ಮಾಡಿದ್ದರು. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತಿದೆ ಎಂದರು ಒಬ್ಬರು. ಕೀಲಿಮಣೆ ಕೆಟ್ಟಿದೆ, ಹೊಸದು ತನ್ನಿ ಎಂದರು ಇನ್ನೊಬ್ಬರು. ಲಿನಕ್ಸ್‌ನಲ್ಲಿ ಕನ್ನಡ ನೆಟ್ಟಗೆ ಬರುವುದೇ ಇಲ್ಲ ಎಂಬ ತೀರ್ಪೂ ಬಂತು. ಈ ಮೂರೂ ತಪ್ಪು. ಆದರೆ ಯಾಕೆ ತಪ್ಪು ಎಂದು ತಿಳಿಯಬೇಕಾದರೆ ಕೀಲಿಮಣೆ ನಿಜವಾಗಿ ಏನು ಮಾಡುತ್ತದೆ ಎಂದು ನೋಡಬೇಕು.

ಕೀಲಿಮಣೆಗೆ ಅಕ್ಷರ ಗೊತ್ತಿಲ್ಲ. ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ನೀವು ಕೆ ಎಂದು ಬರೆದಿರುವ ಕೀಲಿಯನ್ನು ಒತ್ತಿದಾಗ ಯುಎಸ್‌ಬಿ ಕೀಲಿಮಣೆ ಕಂಪ್ಯೂಟರಿಗೆ ಕಳಿಸುವುದು 14 ಎಂಬ ಸಂಖ್ಯೆಯನ್ನು ಮಾತ್ರ. ಲಿನಕ್ಸ್‌ನ ತಿರುಳು, ಅಂದರೆ ಕರ್ನಲ್, ಅದನ್ನು 37 ಎಂದು ಬದಲಿಸುತ್ತದೆ. ಪರದೆಯ ಮೇಲೆ ಚಿತ್ರ ಮೂಡಿಸುವ ಎಕ್ಸ್ ಎಂಬ ವ್ಯವಸ್ಥೆ ಅದಕ್ಕೆ 8 ಕೂಡಿಸಿ 45 ಎನ್ನುತ್ತದೆ. ಈ 45 ಎಂದರೆ ಯಾವ ಅಕ್ಷರ ಎಂದು ಹೇಳುವುದು ಒಂದು ಕೋಷ್ಟಕ. ಇಂಗ್ಲಿಷ್ ಕೋಷ್ಟಕ ಹಾಕಿದ್ದರೆ ಅದು ಕೆ, ಕನ್ನಡದ ಕೋಷ್ಟಕ ಹಾಕಿದ್ದರೆ ‘ಕ’. ಕೀಲಿಯ ಮೇಲೆ ಅಚ್ಚಾಗಿರುವುದು ಬರೀ ಬಣ್ಣ. ಹಾಗಾಗಿ ಹೊಸ ಕೀಲಿಮಣೆ ತಂದರೂ ಈ ತೊಂದರೆ ಹೋಗುವುದಿಲ್ಲ. ಇನ್ನು ಮದರ್‌ಬೋರ್ಡಿನ ಬ್ಯಾಟರಿ ಕಾಯುವುದು ಗಡಿಯಾರವನ್ನು ಮತ್ತು ಯಂತ್ರದ ಕೆಲವು ಮೂಲ ಸೆಟ್ಟಿಂಗ್‌ಗಳನ್ನು. ಅದು ಸತ್ತರೆ ದಿನಾಂಕ ತಪ್ಪುತ್ತದೆ. ಲಿನಕ್ಸ್‌ನ ಕೀಲಿಮಣೆ ಕೋಷ್ಟಕದ ಆಯ್ಕೆ ಇರುವುದು ಡಿಸ್ಕಿನಲ್ಲಿರುವ ಕಡತಗಳಲ್ಲಿ, ಅದಕ್ಕೂ ಬ್ಯಾಟರಿಗೂ ಸಂಬಂಧವಿಲ್ಲ.

ಹಾಗಾದರೆ ಆಯ್ಕೆ ಕಳೆದುಹೋಗುವುದೇಕೆ? ಹಲವು ಸಲ ಉತ್ತರ ಬಲು ಸರಳ: ಅದನ್ನು ಯಾರೂ ಬರೆದಿಟ್ಟಿರುವುದೇ ಇಲ್ಲ.

ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಸಿಗುವ ಸಲಹೆ, ಟರ್ಮಿನಲ್ ತೆರೆದು ಸೆಟ್‌ಎಕ್ಸ್‌ಕೆಬಿಮ್ಯಾಪ್ ಎಂಬ ಆದೇಶ ಕೊಡಿ ಎಂಬುದು. ಕೊಟ್ಟ ತಕ್ಷಣ ಕೆಲಸ ಆಗುತ್ತದೆ, ನಮಗೂ ಖುಷಿಯಾಗುತ್ತದೆ. ಆದರೆ ಅದು ಆಗ ಓಡುತ್ತಿರುವ ಎಕ್ಸ್‌ಗೆ ಹೇಳಿದ ಬಾಯಿಮಾತು. ಹೋಟೆಲಿನಲ್ಲಿ ಮಾಣಿಗೆ ‘ಸಕ್ಕರೆ ಕಡಿಮೆ’ ಎಂದ ಹಾಗೆ. ನಾಳೆ ಬೇರೆ ಮಾಣಿ ಬಂದರೆ ಅವನಿಗೆ ಏನು ಗೊತ್ತು? ಲಾಗೌಟ್ ಆದರೆ ಎಕ್ಸ್ ಮುಗಿಯಿತು, ಮಾತೂ ಮುಗಿಯಿತು.

ಮುಂದಿನದು ಅನೇಕರಿಗೆ ಗೊತ್ತಿಲ್ಲದ ಸಂಗತಿ. ಹೊರಗಿನ ಯುಎಸ್‌ಬಿ ಕೀಲಿಮಣೆಯನ್ನು ಕಿತ್ತು ಮತ್ತೆ ಚುಚ್ಚಿದರೆ ಎಕ್ಸ್ ಅದನ್ನು ಹೊಸ ಸಾಧನವೆಂದೇ ಎಣಿಸಿ ಮೂಲ ಕೋಷ್ಟಕವನ್ನು ಕೊಡುತ್ತದೆ. ಕೆಲವು ಯಂತ್ರಗಳಲ್ಲಿ ನಿದ್ರೆಯಿಂದ ಎದ್ದಾಗಲೂ ಹೀಗೇ ಆಗುತ್ತದೆ. ನನ್ನ ಊಟದ ಹೊತ್ತಿನ ಪವಾಡದ ಗುಟ್ಟು ಇದೇ. ತಟ್ಟೆಗೆ ಜಾಗ ಬೇಕೆಂದು ನಾನೇ ಕೀಲಿಮಣೆ ಕಿತ್ತಿಟ್ಟು ಹೋಗಿದ್ದೆ.

ಸರಿ, ಬರೆದಿಡೋಣ ಎಂದರೆ ಎಲ್ಲಿ ಬರೆಯುವುದು? ಇಲ್ಲಿಂದ ಗೊಂದಲ ಶುರು. ಲಿನಕ್ಸ್‌ನಲ್ಲಿ ಇದಕ್ಕೆ ಒಂದು ಪುಸ್ತಕ ಇಲ್ಲ, ಹಲವು ಇವೆ. ಇಡೀ ಯಂತ್ರಕ್ಕೆ ಅನ್ವಯಿಸುವುದು ಒಂದು. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಇದು ಇಟಿಸಿ ಕೋಶದೊಳಗಿನ ಡೀಫಾಲ್ಟ್ ಕೋಶದಲ್ಲಿ ಕೀಬೋರ್ಡ್ ಎಂಬ ಹೆಸರಿನ ಕಡತ. ಸಿಸ್ಟಮ್‌ಡಿ ಇರುವ ಹಲವು ವಿತರಣೆಗಳಲ್ಲಿ ಲೊಕೇಲ್‌ಸಿಟಿಎಲ್ ಎಂಬ ಆದೇಶ ಇದನ್ನು ಬರೆಯುತ್ತದೆ. ಇದರ ಮೇಲೆ ಪ್ರತಿ ಬಳಕೆದಾರರ ಡೆಸ್ಕ್‌ಟಾಪ್ ತನ್ನದೇ ಲೆಕ್ಕ ಇಟ್ಟುಕೊಳ್ಳುತ್ತದೆ: ಗ್ನೋಮ್ ತನ್ನ ಡಿಕಾನ್ಫ್ ಭಂಡಾರದಲ್ಲಿ, ಕೆಡಿಇ ತನ್ನ ಕಡತದಲ್ಲಿ, ಎಕ್ಸ್‌ಎಫ್‌ಸಿಇ ಇನ್ನೊಂದರಲ್ಲಿ. ಕೊನೆಗೆ ಬಂದವರ ಮಾತೇ ನಡೆಯುತ್ತದೆ. ನೀವು ಯಂತ್ರದ ಕಡತದಲ್ಲಿ ಎಷ್ಟೇ ಶ್ರದ್ಧೆಯಿಂದ ಬರೆದಿರಿ, ಲಾಗಿನ್ ಆದ ಮೇಲೆ ಗ್ನೋಮ್ ತನ್ನ ಪಟ್ಟಿಯನ್ನೇ ಹಾಕುತ್ತದೆ. ಸೆಟ್‌ಎಕ್ಸ್‌ಕೆಬಿಮ್ಯಾಪ್ ಆದೇಶವನ್ನು ಆರಂಭದಲ್ಲಿ ತಾನಾಗಿ ಓಡುವಂತೆ ಇಟ್ಟವರಿಗೂ ಇದೇ ಗತಿ. ಆದೇಶ ಓಡುತ್ತದೆ, ಅದರ ಹಿಂದೆಯೇ ಡೆಸ್ಕ್‌ಟಾಪ್ ಬಂದು ಅಳಿಸುತ್ತದೆ. ಒಂದೊಂದು ದಿನ ಯಾರು ಮೊದಲು ಎಂಬುದು ಅದಲುಬದಲಾಗಿ ಕನ್ನಡ ಉಳಿದುಬಿಡುತ್ತದೆ. ಆಗ ನಮಗೆ ತಲೆ ಕೆಡುತ್ತದೆ.

ಎಕ್ಸ್‌ಎಫ್‌ಸಿಇಯಲ್ಲಿ ಇನ್ನೊಂದು ಸಣ್ಣ ಬಲೆ ಇದೆ. ಕೀಲಿಮಣೆ ಸೆಟ್ಟಿಂಗ್‌ನಲ್ಲಿ ‘ವ್ಯವಸ್ಥೆಯ ಪೂರ್ವನಿಯೋಜಿತವನ್ನೇ ಬಳಸು’ ಎಂಬರ್ಥದ ಒಂದು ಗುಂಡಿ ಇರುತ್ತದೆ. ಅದು ಚಾಲೂ ಇದ್ದರೆ ಡೆಸ್ಕ್‌ಟಾಪ್ ನಿಮ್ಮ ಪಟ್ಟಿಯನ್ನು ಕೇಳುವುದೇ ಇಲ್ಲ.

ಕನ್ನಡಿಗರಿಗೆ ಇದರ ಮೇಲೆ ಮತ್ತೊಂದು ಸಿಕ್ಕು. ಭಾಷೆಗಳ ಪಟ್ಟಿಯಲ್ಲಿ ‘ಕನ್ನಡ’ ಎಂದು ಕಾಣುವ ಹೆಸರುಗಳೆಲ್ಲ ಒಂದೇ ಜಾತಿಯವಲ್ಲ. ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್ ವಿನ್ಯಾಸ 1991ರ ಇಸ್ಕಿ ಮಾನಕದಲ್ಲೂ ಸೇರಿದೆ. ಅದರಲ್ಲಿ ‘ಇ’ಗೆ ಒಂದು ಜಾಗ, ಗುಣಿತದ ಗುಡಿಸಿಗೆ ಇನ್ನೊಂದು ಜಾಗ. ಎಫ್ ಕೀಲಿ ಒತ್ತಿದರೆ ಗುಡಿಸು, ಶಿಫ್ಟ್ ಹಿಡಿದು ಒತ್ತಿದರೆ ‘ಇ’. ಒಂದು ಸಂಖ್ಯೆಗೆ ಒಂದು ಅಕ್ಷರ ಎಂಬ ಕೋಷ್ಟಕಕ್ಕೆ ಇದು ಸರಾಗವಾಗಿ ಹೊಂದುತ್ತದೆ.

ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಕೈ ಕುದುರಿರುವುದು ಕೆ. ಪಿ. ರಾವ್ ರೂಪಿಸಿದ ವಿನ್ಯಾಸಕ್ಕೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಇದನ್ನು ಲಿನಕ್ಸ್‌ನಲ್ಲಿ ಕಗಪ ಎಂದೇ ಕರೆಯುತ್ತಾರೆ. ಇದರಲ್ಲಿ ಐ ಕೀಲಿಯನ್ನು ಒಂಟಿಯಾಗಿ ಒತ್ತಿದರೆ ‘ಇ’, ಕೆ ಆದ ಮೇಲೆ ಒತ್ತಿದರೆ ‘ಕಿ’. ಅಂದರೆ ಹಿಂದೆ ಯಾವ ಅಕ್ಷರ ಇತ್ತು ಎಂದು ನೋಡಿ ಮುಂದಿನದನ್ನು ತೀರ್ಮಾನಿಸಬೇಕು. ಕೋಷ್ಟಕಕ್ಕೆ ಹಿಂದೆ ತಿರುಗಿ ನೋಡುವ ಬುದ್ಧಿ ಇಲ್ಲ. ಎಕ್ಸ್‌ನ ಕೋಷ್ಟಕಗಳಲ್ಲೂ ಕಗಪ ಹೆಸರಿನದೊಂದು ಇದೆ. ಅದನ್ನು ಆರಿಸಿ ನುಡಿಯಂತೆ ಬರುವುದಿಲ್ಲ ಎಂದು ಬೇಸರಪಡುವವರು ಸಿಕ್ಕಿಕೊಂಡಿರುವುದು ಇಲ್ಲೇ. ನುಡಿಯ ಹಾಗೆ ಬರೆಯಲು ಬೇಕಾದದ್ದು ಹಿಂದಿನ ಅಕ್ಷರವನ್ನು ನೆನಪಿಡುವ ಪ್ರತ್ಯೇಕ ತಂತ್ರಾಂಶ: ಐಬಸ್, ಮತ್ತು ಅದರ ಜೊತೆಗೆ ಎಂ17ಎನ್ ಎಂಬ ವಿನ್ಯಾಸಗಳ ಸಂಗ್ರಹ. (ಹೆಸರು ವಿಚಿತ್ರ, ಹೌದು. ಮಲ್ಟಿಲಿಂಗ್ವಲೈಸೇಶನ್ ಎಂಬ ಪದದ ಇಂಗ್ಲಿಷ್ ಕಾಗುಣಿತದಲ್ಲಿ ಮೊದಲ ಮತ್ತು ಕೊನೆಯ ಅಕ್ಷರಗಳ ನಡುವೆ 17 ಅಕ್ಷರಗಳಿವೆ.)

ಐಬಸ್ ಎಂದರೆ ಸದಾ ಓಡುತ್ತಿರಬೇಕಾದ ಕಾರ್ಯಕ್ರಮ. ಗ್ನೋಮ್ ಅದನ್ನು ತಾನೇ ಎಬ್ಬಿಸುತ್ತದೆ. ಬೇರೆ ಕಡೆ ಲಾಗಿನ್ ಆದಾಗ ಅದು ಶುರುವಾಗುವಂತೆ ನಾವೇ ಏರ್ಪಾಡು ಮಾಡಬೇಕಾಗಬಹುದು. ಮಾಡದಿದ್ದರೆ, ಆಯ್ಕೆ ಪುಸ್ತಕದಲ್ಲಿ ಸರಿಯಾಗಿಯೇ ಬರೆದಿರುತ್ತದೆ, ಓದಬೇಕಾದ ಗುಮಾಸ್ತ ಕಚೇರಿಗೆ ಬಂದಿರುವುದಿಲ್ಲ. ನಮಗೆ ಕಾಣುವುದು ಮಾತ್ರ ‘ಸೆಟ್ಟಿಂಗ್ ಉಳಿಯಲಿಲ್ಲ’ ಎಂದು. ಒಂದು ತಂತ್ರಾಂಶದಲ್ಲಿ ಕನ್ನಡ ಬಂದು ಇನ್ನೊಂದರಲ್ಲಿ ಬಾರದಿದ್ದರೆ ಅನುಮಾನಿಸಬೇಕಾದದ್ದು ಐಬಸ್‌ನ ಸಂಪರ್ಕವನ್ನು. ಅದಕ್ಕೂ ಮೊದಲು ಗ್ನೋಮ್‌ನಲ್ಲಿ ಪ್ರತಿ ಕಿಟಕಿಗೂ ಬೇರೆ ಭಾಷೆ ಇಡುವ ಆಯ್ಕೆ ಚಾಲೂ ಇದೆಯೇ ಎಂದು ನೋಡಿ. ಅದಿದ್ದರೆ ಕಿಟಕಿ ಬದಲಿಸಿದಾಗ ಭಾಷೆ ಬದಲಾಗುವುದು ದೋಷವಲ್ಲ.

ಹಳೆಯ ಸಲಹೆಗಳು ಈಗ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತವೆ. ಫೆಡೋರಾ 2016ರ ಕೊನೆಯಲ್ಲಿ, ಉಬುಂಟು 2021ರ 21.04 ಆವೃತ್ತಿಯಲ್ಲಿ ಎಕ್ಸ್ ಬದಲಿಗೆ ವೇಲ್ಯಾಂಡ್ ಅನ್ನು ಪೂರ್ವನಿಯೋಜಿತವಾಗಿ ತಂದವು. ವೇಲ್ಯಾಂಡ್‌ನಲ್ಲಿ ಕೋಷ್ಟಕ ಹಾಕುವ ಹಕ್ಕು ಡೆಸ್ಕ್‌ಟಾಪಿನದು. ಅಲ್ಲಿ ಸೆಟ್‌ಎಕ್ಸ್‌ಕೆಬಿಮ್ಯಾಪ್ ಕೊಟ್ಟರೆ ಹೊಸ ಬಗೆಯ ತಂತ್ರಾಂಶಗಳ ಮೇಲೆ ಏನೂ ಪರಿಣಾಮ ಆಗುವುದಿಲ್ಲ. ಹತ್ತು ವರ್ಷ ಹಿಂದಿನ ಲೇಖನದಲ್ಲಿ ಸರಿಯಾಗಿದ್ದ ಉತ್ತರ ಇಂದು ತಪ್ಪು. ‘ಲಿನಕ್ಸ್‌ನಲ್ಲಿ ಕನ್ನಡ ಬರಲ್ಲ’ ಎಂಬ ನಂಬಿಕೆಗೆ ಇಂತಹ ಹಳಸಿದ ಸಲಹೆಗಳ ಕೊಡುಗೆ ದೊಡ್ಡದು ಎಂಬುದು ನನ್ನ ಅನಿಸಿಕೆ.

ಬರೆಯುವ ಜಾಗ ಸರಿ ಇದ್ದೂ ಬರಹ ನಿಲ್ಲದ ಸಂದರ್ಭಗಳೂ ಇವೆ. ಪೆನ್‌ಡ್ರೈವ್‌ನಿಂದ ನೇರ ಓಡಿಸುವ ಲಿನಕ್ಸ್ ಬದಲಾವಣೆಗಳನ್ನು ಸಾಮಾನ್ಯವಾಗಿ ರ‍್ಯಾಮ್‌ನಲ್ಲೇ ಇಡುತ್ತದೆ, ಆರಿಸಿದರೆ ಎಲ್ಲ ಹೋಯಿತು. ಡಿಸ್ಕ್ ಪೂರ್ತಿ ತುಂಬಿದ್ದರೂ ಹೊಸ ಆಯ್ಕೆ ದಾಖಲಾಗುವುದಿಲ್ಲ. ಇನ್ನೊಂದು, ಎಂದೋ ಸುಡೋ ಹಾಕಿ ಸೆಟ್ಟಿಂಗ್ ಬದಲಿಸಿದವರದು. ಆಗ ಅವರ ಮನೆಕೋಶದಲ್ಲಿರುವ ಡಿಕಾನ್ಫ್ ಕಡತದ ಮಾಲೀಕತ್ವ ರೂಟ್ ಬಳಕೆದಾರನಿಗೆ ಹೋಗಿರಬಹುದು. ಆಮೇಲೆ ಸ್ವಂತ ಕಡತಕ್ಕೆ ಬರೆಯಲು ಅವರಿಗೇ ಅನುಮತಿ ಇಲ್ಲ. ಕೀಲಿಮಣೆ ಮಾತ್ರವಲ್ಲ, ಹಿನ್ನೆಲೆ ಚಿತ್ರವೂ ಉಳಿಯುತ್ತಿಲ್ಲ ಎಂದರೆ ಇದನ್ನು ಪರೀಕ್ಷಿಸಿ.

ಟೈಪಿಂಗ್ ತಡವಾಗುವುದಾದರೆ ಸಹಿಸಬಹುದು. ನಿಜವಾದ ಅಪಾಯ ಇರುವುದು ಪಾಸ್‌ವರ್ಡ್‌ನಲ್ಲಿ. ಲಾಗಿನ್ ಪರದೆ ಬರುವಾಗ ನಿಮ್ಮ ಡೆಸ್ಕ್‌ಟಾಪ್ ಇನ್ನೂ ಎದ್ದಿರುವುದಿಲ್ಲ, ಹಾಗಾಗಿ ಅದು ಸಾಮಾನ್ಯವಾಗಿ ನೋಡುವುದು ಯಂತ್ರದ ಕಡತವನ್ನು. ಆ ಕಡತದಲ್ಲಿ ಕನ್ನಡವನ್ನು ಮೊದಲನೆಯದಾಗಿ ಇಟ್ಟಿದ್ದರೆ, ಚುಕ್ಕಿಗಳ ಹಿಂದೆ ನೀವು ಟೈಪ್ ಮಾಡುತ್ತಿರುವುದು ಕನ್ನಡ ಅಕ್ಷರಗಳನ್ನು! ಪಾಸ್‌ವರ್ಡ್ ಸರಿಯಾಗಿಯೇ ನೆನಪಿದೆ, ಬಾಗಿಲು ತೆರೆಯುವುದಿಲ್ಲ. ಡಿಸ್ಕನ್ನೇ ಗೂಢಲಿಪಿ ಮಾಡಿಟ್ಟವರಿಗೆ ಇದು ಇನ್ನೂ ಕಠಿಣ. ಆ ಗುಪ್ತಪದ ಕೇಳುವುದು ಯಂತ್ರ ಏಳುವ ಮೊದಲ ಕ್ಷಣಗಳಲ್ಲಿ, ಆಗ ಬಳಕೆಯಾಗುವುದು ಬೂಟ್ ಚಿತ್ರಿಕೆಯೊಳಗೆ ಹಿಂದೆ ನಕಲಾಗಿದ್ದ ಕೋಷ್ಟಕ. ಯಂತ್ರದ ಕಡತವನ್ನು ಬದಲಿಸಿದರೂ ಬೂಟ್ ಚಿತ್ರಿಕೆಯನ್ನು ಮತ್ತೆ ಕಟ್ಟುವವರೆಗೆ ಅಲ್ಲಿ ಹಳೆಯದೇ ಇರುತ್ತದೆ. ಯಂತ್ರದ ಮಟ್ಟದಲ್ಲಿ ಇಂಗ್ಲಿಷನ್ನೇ ಮೊದಲು ಇಟ್ಟು, ಕನ್ನಡವನ್ನು ಡೆಸ್ಕ್‌ಟಾಪ್ ಅಥವಾ ಐಬಸ್ ಮಟ್ಟದಲ್ಲಿ ಸೇರಿಸಿ ಎಂದು ನಾನು ಹೇಳುವುದು ಇದಕ್ಕೇ.

ನಿಮ್ಮ ಯಂತ್ರದಲ್ಲಿ ಯಾವುದು ಕಾರಣ ಎಂದು ಹಿಡಿಯಲು, ಕನ್ನಡ ಯಾವಾಗ ಹೋಗುತ್ತದೆ ಎಂದು ಗಮನಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಕೀಲಿಮಣೆ ಕಿತ್ತು ಚುಚ್ಚಿದಾಗ ಹೋದರೆ ಅದು ಬಾಯಿಮಾತಿನ ಆದೇಶ. ಲಾಗೌಟ್ ಆಗಿ ಬಂದಾಗ ಹೋದರೆ ಡೆಸ್ಕ್‌ಟಾಪಿನ ಪುಸ್ತಕ ಅಥವಾ ಐಬಸ್. ಲಾಗಿನ್ ಪರದೆಯಲ್ಲಷ್ಟೇ ಬೇರೆಯಾದರೆ ಯಂತ್ರದ ಕಡತ.

ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ಎಕ್ಸ್‌ಎಫ್‌ಸಿಇ. ಆ ಗುಂಡಿ ಚಾಲೂ ಇತ್ತು, ಐಬಸ್ ತಾನಾಗಿ ಏಳುತ್ತಿರಲಿಲ್ಲ, ಇದರ ಮೇಲೆ ನಾನು ದಿನವೂ ಸೆಟ್‌ಎಕ್ಸ್‌ಕೆಬಿಮ್ಯಾಪ್ ಜಪ ಮಾಡುತ್ತಿದ್ದೆ. ಗುಂಡಿ ಆರಿಸಿ, ಐಬಸ್ ಅನ್ನು ಆರಂಭದ ಕಾರ್ಯಕ್ರಮಗಳ ಪಟ್ಟಿಗೆ ಸೇರಿಸಿ, ಎಂ17ಎನ್‌ನ ಕಗಪ ಆರಿಸಿಕೊಂಡೆ. ಒಟ್ಟು ಹತ್ತು ನಿಮಿಷವೂ ಹಿಡಿಯಲಿಲ್ಲ. ಊಟದ ಹೊತ್ತಿಗೆ ಕೀಲಿಮಣೆಯನ್ನು ಈಗಲೂ ಕಿತ್ತಿಡುತ್ತೇನೆ.