ಗ ಇಲ್ಲದ ಗಿಟಾರು

ನಮ್ಮಮ್ಮ ನನ್ನ ಗಿಟಾರಿಗೆ ಇಟ್ಟ ಹೆಸರು "ಅಡ್ಡಗಾಲು". ಅವಳು ದೇವರನಾಮ ಹಾಡುತ್ತಾ ಕೂತಾಗ ನಾನು ಉತ್ಸಾಹದಿಂದ ಕಾರ್ಡ್ ಹಿಡಿದು ಜತೆಗೂಡಲು ಹೋಗುತ್ತಿದ್ದೆ. ಎರಡು ಸಾಲು ಆಗುವಷ್ಟರಲ್ಲಿ ನಿಲ್ಲಿಸಿ, "ನೀನು ಬಾರಿಸೋದಾದ್ರೆ ಬಾರಿಸು, ನಾನು ಆಮೇಲೆ ಹಾಡ್ಕೋತೀನಿ" ಅನ್ನೋಳು. ಹದಿನೈದು ವರ್ಷ ಹೀಗೇ ನಡೆಯಿತು. ತಪ್ಪು ಅವಳ ಹಳೇ ಕಿವಿಯದ್ದು ಅಂತ ನಾನು ತಿಳಿದಿದ್ದೆ. ತಪ್ಪು ನನ್ನ ತಂತಿಗಳದ್ದು ಅಂತ ಗೊತ್ತಾಗಿದ್ದು ಇತ್ತೀಚೆಗೆ.

ಗಿಟಾರು ಗೊತ್ತಿಲ್ಲದವರಿಗೆ ಸ್ವಲ್ಪ ಪೀಠಿಕೆ. ಆರು ತಂತಿಗಳನ್ನು ದಪ್ಪದ್ದರಿಂದ ತೆಳುವಿನ ಕಡೆಗೆ ಇ, ಎ, ಡಿ, ಜಿ, ಬಿ, ಇ ಅಂತ ಶ್ರುತಿ ಮಾಡುವುದು ವಾಡಿಕೆ. ಕಲಿಸುವವರೆಲ್ಲ ಇದನ್ನೇ ಕಲಿಸುತ್ತಾರೆ. ಇದರಲ್ಲಿ ಒಂದು ಕಾರ್ಡ್ ಅಂದರೆ ನಮ್ಮ ಲೆಕ್ಕದಲ್ಲಿ ಸ, ಗ, ಪ ಮೂರೂ ಒಟ್ಟಿಗೆ. ಅಂತರ ಗಾಂಧಾರ ಇದ್ದರೆ ಮೇಜರ್, ಸಾಧಾರಣ ಗಾಂಧಾರ ಇದ್ದರೆ ಮೈನರ್. ಅಮ್ಮ ಆಭೇರಿ ಹಾಡುವಾಗ ನಾನು ಮೇಜರ್ ಹಿಡಿದರೆ ಕೆಟ್ಟದಾಗಿ ಕೇಳುವುದು ಸಹಜ, ಎರಡು ಗ ಬಡಿದಾಡುತ್ತವೆ. ಆದರೆ "ಸರಿಯಾದ" ಮೈನರ್ ಹಿಡಿದರೂ ಅವಳ ಮುಖ ಹುಳ್ಳಗೇ ಆಗುತ್ತಿತ್ತು!

ಯಾಕೆ? ಅವಳ ಗ ನಿಂತಲ್ಲಿ ನಿಲ್ಲುವುದಿಲ್ಲ, ತೂಗುತ್ತದೆ. ನನ್ನ ಗ ಮಾತ್ರ ಗೋಡೆಗೆ ಹೊಡೆದ ಮೊಳೆ. ಸಾಲದ್ದಕ್ಕೆ ಆ ಮೊಳೆ ಹೊಡೆದಿರುವ ಜಾಗವೂ ಅಷ್ಟು ಸರಿಯಿಲ್ಲ. ಗಿಟಾರಿನ ಮೆಟ್ಟಿಲುಗಳು ಒಂದು ಸ್ಥಾಯಿಯನ್ನು 12 ಸಮಪಾಲು ಮಾಡುತ್ತವೆ. ಒಂದೊಂದು ಪಾಲಿಗೆ 100 ಸೆಂಟ್ ಅಂತ ಅಳತೆ. ಕಿವಿಗೆ ಹಿತವಾದ ಶುದ್ಧ ಪಂಚಮ ಸುಮಾರು 702 ಸೆಂಟ್, ಗಿಟಾರಿನದು 700. ಎರಡು ಸೆಂಟ್ ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ತಂಬೂರಿಯ ನಾದದೊಳಗೆ ತಾನಾಗಿ ಕೇಳುವ ಗಾಂಧಾರ ಸುಮಾರು 386, ಗಿಟಾರಿನದು 400. ಮೈನರಿನ ಗಾಂಧಾರ 316 ಇರಬೇಕಾದದ್ದು 300. ಅಂದರೆ ಗಿಟಾರು ಪಂಚಮದಲ್ಲಿ ಸಾಧು, ಗಾಂಧಾರದಲ್ಲಿ ಸುಳ್ಳುಗಾರ. ಆ ಸುಳ್ಳನ್ನೇ ನಾನು ಅಮ್ಮನ ಕಿವಿಗೆ ಹದಿನೈದು ವರ್ಷ ಹೊಡೆಯುತ್ತಿದ್ದೆ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಕರೆಂಟು ಹೋಗಿ ಮಾಡಲು ಕೆಲಸವಿಲ್ಲದೆ ತಂತಿ ತಿರುವುತ್ತಾ ಕೂತಿದ್ದೆ. ಆರನೆಯದು, ಎರಡನೆಯದು, ಒಂದನೆಯದು, ಈ ಮೂರನ್ನೂ ಎರಡೆರಡು ಮೆಟ್ಟಿಲು ಇಳಿಸಿದೆ. ಆಗ ಬರುವುದು ಡಿ, ಎ, ಡಿ, ಜಿ, ಎ, ಡಿ. ಗಿಟಾರಿನವರು ಇದನ್ನು ಒಂದೇ ಪದ ಮಾಡಿ "ಡ್ಯಾಡ್‌ಗ್ಯಾಡ್" ಅಂತಾರೆ. ಹೊಸದೇನಲ್ಲ. ಇಂಗ್ಲೆಂಡಿನ ಡೇವಿ ಗ್ರಹಾಮ್ (2008ರಲ್ಲಿ ತೀರಿಕೊಂಡರು) 1960ರ ದಶಕದ ಆರಂಭದಲ್ಲಿ ಮೊರಾಕ್ಕೊಗೆ ಹೋಗಿ, ಅಲ್ಲಿನ ಊದ್ ವಾದ್ಯದವರ ಜತೆ ಹೊಂದಿಕೊಳ್ಳಲು ಇದನ್ನು ಬಳಸಿ ಹೆಸರಿಗೆ ತಂದರು. ಲೆಡ್ ಜೆಪ್ಲಿನ್ನರ 1975ರ "ಕಾಶ್ಮೀರ್"ನಲ್ಲಿ ಜಿಮ್ಮಿ ಪೇಜ್ ನುಡಿಸಿದ್ದೂ ಇದೇ ಶ್ರುತಿಯಲ್ಲಿ. ತಮಾಷೆಯೆಂದರೆ ಆ ಹಾಡಿನ ಸಾಹಿತ್ಯ ಹೊಳೆದದ್ದೂ ಮೊರಾಕ್ಕೊದ ಮರುಭೂಮಿ ರಸ್ತೆಯಲ್ಲೇ, ಕಾಶ್ಮೀರದಲ್ಲಲ್ಲ. ಫ್ರಾನ್ಸಿನ ಪಿಯರ್ ಬೆನ್ಸುಸಾನ್ ಅಂತೂ ಇದೊಂದನ್ನೇ ಮನೆಭಾಷೆ ಮಾಡಿಕೊಂಡಿದ್ದಾರೆ.

ಇದನ್ನೆಲ್ಲ ಓದಿದ್ದೆ. ಆದರೆ ಆ ಕತ್ತಲಲ್ಲಿ ಆರೂ ತಂತಿ ಮೀಟಿದಾಗ ಹೊಳೆದದ್ದು ಬೇರೆ. ಡಿಯನ್ನು ಸ ಅಂದುಕೊಳ್ಳಿ. ಆಗ ಆರು ತಂತಿಗಳು ಸ, ಪ, ಸ, ಮ, ಪ, ಸ. ಗ ಎಲ್ಲಿ? ಇಲ್ಲವೇ ಇಲ್ಲ! ಮೇಜರೂ ಅಲ್ಲ, ಮೈನರೂ ಅಲ್ಲ. ಸುಳ್ಳು ಹೇಳುವ ಸ್ವರವೇ ಬಾಯಿ ಮುಚ್ಚಿಕೊಂಡಿದೆ. ಹಾಡುವವರ ಗ ತನಗೆ ಬೇಕಾದ ಕಡೆ ತೂಗಬಹುದು.

ಹಾಗಾದರೆ ಇದು ಬರೀ ತಂಬೂರಿಯಾಯಿತಲ್ಲ, ಗಿಟಾರು ಯಾಕೆ ಅಂತ ಕೇಳಬಹುದು. ಅಲ್ಲೇ ಇರುವುದು ಮಜಾ. ಕೆಳಗಿನ ಎರಡು ದಪ್ಪ ತಂತಿಗಳನ್ನು ಎರಡು ಬೆರಳಲ್ಲಿ ಐದನೇ ಮೆಟ್ಟಿಲಿಗೆ ಒತ್ತಿ, ಉಳಿದ ನಾಲ್ಕನ್ನು ಖಾಲಿ ಬಿಡಿ. ಮ ಮತ್ತು ಸ ನೆಲವಾಗುತ್ತವೆ. ಅದೇ ಬೆರಳು ಏಳಕ್ಕೆ ಜಾರಿಸಿದರೆ ಪ ಮತ್ತು ರಿ. ಹತ್ತಕ್ಕೆ ಹೋದರೆ ನಿ ಮತ್ತು ಮ. ಮೇಲಿನ ನಾಲ್ಕು ತಂತಿ ಕದಲುವುದೇ ಇಲ್ಲ, ಆದರೆ ಕೆಳಗೆ ನೆಲ ಬದಲಾದಂತೆ ಅವುಗಳ ಬಣ್ಣ ಬದಲಾಗುತ್ತದೆ. ಈಗ ಬಂದ ಸ್ವರಗಳನ್ನು ಎಣಿಸಿ: ಸ ರಿ ಮ ಪ ನಿ. ಮಧ್ಯಮಾವತಿ! ಗಾಂಧಾರವೇ ಇಲ್ಲದ ರಾಗಕ್ಕೆ ಗಾಂಧಾರವೇ ಇಲ್ಲದ ಶ್ರುತಿ. ಹಾರ್ಮನಿಯೂ ಇದೆ, ರಾಗದ ಹೊರಗಿನ ಒಂದು ಸ್ವರವೂ ಇಲ್ಲ. ಮೂರನೇ ಮೆಟ್ಟಿಲಿಗೆ ಬಂದರೆ ಸಾಧಾರಣ ಗಾಂಧಾರ ಸಿಗುತ್ತದೆ, ಆಭೇರಿಯ ಬಾಗಿಲು. ಆದರೆ ಅದನ್ನು ಯಾವಾಗ ತೆಗೆಯಬೇಕು ಅನ್ನುವುದು ಈಗ ನನ್ನ ಕೈಯಲ್ಲಿದೆ.

ಇದೇ ಸರ್ವರೋಗಕ್ಕೂ ಮದ್ದು ಅಂತ ನಾನು ಹೇಳುತ್ತಿಲ್ಲ. ಕಲ್ಯಾಣಿ ಹಾಡಿದರೆ ಖಾಲಿ ಜಿ ತಂತಿಯ ಶುದ್ಧ ಮಧ್ಯಮ ಪ್ರತಿಮಧ್ಯಮದ ಕಾಲೆಳೆಯುತ್ತದೆ. ಹಿಂದೋಳದಲ್ಲಿ ಪಂಚಮವೇ ಇಲ್ಲ, ಆದ್ದರಿಂದ ಎರಡು ಎ ತಂತಿಗಳು ಕರೆಯದೆ ಬಂದ ನೆಂಟರು. ಅವನ್ನು ಜಿಗೆ ಇಳಿಸಬೇಕು, ತಂಬೂರಿಯವರು ಇಂಥ ರಾಗಕ್ಕೆ ಪ ಬದಲು ಮ ಇಡುವ ಹಾಗೆ. ಇನ್ನೊಂದು ಅಪಾಯ ಸೋಮಾರಿತನದ್ದು. ಈ ಶ್ರುತಿಯಲ್ಲಿ ಬೆಕ್ಕು ನಡೆದು ಹೋದರೂ ಚೆನ್ನಾಗಿ ಕೇಳುತ್ತದೆ. ನಾನು ಮೊದಲ ಒಂದು ತಿಂಗಳು ಆ ಬೆಕ್ಕೇ ಆಗಿದ್ದೆ.

ಆದರೂ ನನ್ನ ಅಭಿಪ್ರಾಯ ಇಷ್ಟು. ನಮ್ಮಲ್ಲಿ ಎರಡು ಪಂಗಡಗಳಿವೆ. "ಕಾರ್ಡ್ ಹಾಕಿದರೆ ರಾಗ ಕೆಟ್ಟಿತು" ಅನ್ನುವವರು ಒಂದು ಕಡೆ, "ರಾಗಕ್ಕೆ ಕಾರ್ಡ್ ಹಾಕಿದರೇ ಈಗಿನವರು ಕೇಳೋದು" ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಕಾರ್ಡ್ ಅಂದರೆ ಸ-ಗ-ಪ ತುಂಬಿದ ಗಂಟು ಅಂತಲೇ ತಿಳಿದಿದ್ದಾರೆ. ಹಾರ್ಮನಿ ಅಂದರೆ ಎಲ್ಲ ಖಾಲಿ ಜಾಗವನ್ನೂ ತುಂಬುವುದಲ್ಲ. ಯಾವ ಸ್ವರವನ್ನು ಇನ್ನೊಬ್ಬರಿಗೆ ಬಿಡಬೇಕು ಅಂತ ತಿಳಿಯುವುದೂ ಹಾರ್ಮನಿಯೇ. ಪಕ್ಕವಾದ್ಯದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನನ್ನಂಥ ಕಾರ್ಡ್ ಪುಸ್ತಕದ ಗಿಟಾರಿಗರಿಗೆ ಹೇಳಬೇಕು.

ಅಮ್ಮನ ವಿಷಯ ಹೇಳುವುದು ಬಾಕಿ ಇದೆ. ಅವಳು ಮೊದಲು ಐದು ಮನೆ ಶ್ರುತಿಗೆ ಹಾಡುತ್ತಿದ್ದಳು. ಎರಡು ವರ್ಷದಿಂದ ದನಿ ಇಳಿದು ನಾಲ್ಕಕ್ಕೆ ಬಂದಿದೆ. ಭಜನೆಯಲ್ಲಿ ಹಾರ್ಮೋನಿಯಂ ಎಲ್ಲರಿಗಾಗಿ ಐದಕ್ಕೇ ನಿಂತಿರುತ್ತದೆ, ಇವಳೊಬ್ಬಳಿಗೆ ಇಳಿಸಿ ಅನ್ನಲು ಸಂಕೋಚ. ಸುಮ್ಮನೆ ತುಟಿ ಆಡಿಸಿ ಬರುತ್ತಿದ್ದಳಂತೆ. ಮನೆಯಲ್ಲೂ ಹಾಡು ನಿಂತೇಹೋಗಿತ್ತು. ನನಗೆ ಅದು ಗೊತ್ತೇ ಆಗಿರಲಿಲ್ಲ ಅನ್ನುವುದು ನಾಚಿಕೆಯ ವಿಷಯ.

ಒಂದು ಶುಕ್ರವಾರ ಸಂಜೆ ಮೂರನೇ ಮೆಟ್ಟಿಲಿಗೆ ಕ್ಯಾಪೋ ಹಾಕಿದೆ. ಡಿ ಏರಿ ಎಫ್ ಆಗುತ್ತದೆ, ಅಂದರೆ ಸರಿಯಾಗಿ ನಾಲ್ಕು ಮನೆ. ಏನೂ ಹೇಳದೆ ಖಾಲಿ ತಂತಿಗಳನ್ನು ನಿಧಾನವಾಗಿ ಮೀಟುತ್ತಾ ಕೂತೆ. ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದ ಅಮ್ಮ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಆ ಲಕ್ಷ್ಮೀ ಹಾಡನ್ನು ಶುರು ಮಾಡಿದಳು. ಮಧ್ಯಮಾವತಿ. ಪೂರ್ತಿ ಹಾಡಿದಳು, ಎಲ್ಲ ನುಡಿಗಳನ್ನೂ. ನಾನು ಎರಡು ಬೆರಳು ಬಿಟ್ಟು ಮೂರನೆಯದನ್ನು ಬಳಸಲಿಲ್ಲ.

ಮುಗಿದ ಮೇಲೆ ಅವಳು ಹೇಳಿದ್ದು, "ಇವತ್ತು ಅಡ್ಡಗಾಲು ಹಾಕಲಿಲ್ಲ ನೋಡು."

ನಿಮ್ಮ ಮನೆಯಲ್ಲೂ ಹಾಡು ನಿಲ್ಲಿಸಿದವರು ಯಾರಾದರೂ ಇದ್ದಾರಾ? ಅವರ ಈಗಿನ ಶ್ರುತಿ ಎಷ್ಟು ಅಂತ ಒಮ್ಮೆ ಕೇಳಿ ನೋಡಿ. ಗಿಟಾರು ಇಲ್ಲದಿದ್ದರೂ ಪರವಾಗಿಲ್ಲ, ಮೊಬೈಲಿನ ತಂಬೂರಿಯೂ ನಾಲ್ಕು ಮನೆಗೆ ಇಳಿಯುತ್ತದೆ.